ಕಾಂಡ್ಲಾ ತೊಟ್ಟಿಯ ಕಬ್ಬಿಣದ ಸ್ಟ್ಯಾಂಡು

ವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದಿತ್ತು. ಅದರ ತಳಕ್ಕೆ ಕಪ್ಪು ಕೆಸರು, ಮೇಲೆ ಅಳಿವೆಯ ನೀರಿನಷ್ಟೇ ಉಪ್ಪು ಬೆರೆಸಿದ ನೀರು, ಕೆಸರಿನಲ್ಲಿ ಐದು ಕಾಂಡ್ಲಾ ಗಿಡ, ಎರಡು ಉಪ್ಪಟ್ಟಿ ಸಸಿ, ಎರಡೂ ಕಡಲಂಚಿನ ಮ್ಯಾಂಗ್ರೋವ್ ಜಾತಿಯವು. ಚಿತ್ತಾಪುರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹಿಂದೊಮ್ಮೆ ಹೊನ್ನಾವರಕ್ಕೆ ಹೋದಾಗ ಅಳಿವೆಯಲ್ಲಿ ತೇಲುತ್ತಿದ್ದ ನುಗ್ಗೆಕಾಯಿಯಂಥ ಕಾಂಡ್ಲಾ ಬೀಜಗಳನ್ನೂ ಉಪ್ಪಟ್ಟಿ ಬೀಜಗಳನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಸಮುದ್ರ ನೋಡದ ನಮ್ಮ ಶಾಲೆಯ ಮಕ್ಕಳಿಗೆ ಒಮ್ಮೆ ತೋರಿಸಿ ಎಸೆದುಬಿಡೋಣ ಅಂತಿದ್ದೆ. ಬೇರು ಬಿಟ್ಟು ಎರಡೆಲೆ ಬಂದ ಮೇಲೆ ಎಸೆಯಲಿಕ್ಕಾಗಲಿಲ್ಲ.

"ಎವ್ವಾ, ಹೊಲದಾಗ ಇರೋ ಕೆಸರು ಸಾಲದಂತ ಮನ್ಯಾಗೂ ತಂದಿಟ್ಟಾಳ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ನನಗೆ ಆ ತೊಟ್ಟಿಯ ಬಗ್ಗೆ ಮೊದಲಿನಿಂದಲೂ ಒಂದು ಹೆದರಿಕೆಯಿತ್ತು. ಮಧ್ಯಾಹ್ನ ಊರ ಪಕ್ಕದ ಸುಣ್ಣಕಲ್ಲಿನ ಗಣಿಯಲ್ಲಿ ಬ್ಲಾಸ್ಟ್ ಆದಾಗ ನಮ್ಮ ಓಣಿಯ ಪಾತ್ರೆಗಳೆಲ್ಲ ಒಮ್ಮೆ ಗಲಗಲ ಅನ್ನುತ್ತವೆ. ಗಾಜು ಸೀಳಿ ಅಷ್ಟೂ ನೀರು ಮನೆ ತುಂಬ ಹರಿದೀತು ಎಂದು ತೊಟ್ಟಿಯ ಕೆಳಗೆ ಥರ್ಮಾಕೋಲು ಹಾಕಿ, ವೆಲ್ಡಿಂಗ್ ಮಾಡಿಸಿದ ಗಟ್ಟಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆ. ನೀರು ತಿರುಗಿಸುವ ಪಂಪಿನ ವೈರನ್ನು ಅದೇ ಸ್ಟ್ಯಾಂಡಿಗೆ ಕಟ್ಟಿದ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದ್ದೆ.

ಉಪ್ಪಟ್ಟಿಯ ಎಲೆಗಳು ಹೀರಿದ ಉಪ್ಪನ್ನು ಹೊರಗೆ ಹಾಕುತ್ತವೆ. ಎಲೆಯ ಮೇಲೆ ಅದು ಬೆಳ್ಳಗೆ ಹರಳುಗಟ್ಟುತ್ತದೆ. ದಿನಾ ಸಿಹಿನೀರು ಚಿಮುಕಿಸಿ ತೊಳೆಯಬೇಕು. ನಾನು ಬೆಳಿಗ್ಗೆ ರೈಲು ಹಿಡಿಯುವ ಗಡಿಬಿಡಿಯಲ್ಲಿ ಮರೆಯುತ್ತಿದ್ದೆ. ಬೈಯುತ್ತ ಬೈಯುತ್ತಲೇ ಆ ಕೆಲಸ ಅತ್ತೆಯ ಕೈಗೆ ಹೋಯಿತು. ಅವರು ಒಂದೊಂದು ಎಲೆಯನ್ನೂ ಬೆರಳಿನಿಂದ ಒರೆಸುತ್ತಿದ್ದರು. ಒರೆಸಿದ ನೀರು ಸ್ಟ್ಯಾಂಡಿನ ಮೇಲೆ ಇಳಿಯುತ್ತಿತ್ತು.

ಒಂದು ಸಂಜೆ ತೊಟ್ಟಿಯೊಳಗೆ ಕೈ ಇಟ್ಟಾಗ ಬೆರಳು ಚುರ್ ಅಂದಿತು. ಸೌತೆಕಾಯಿ ಹೆಚ್ಚುವಾಗ ಕೊಯ್ದುಕೊಂಡ ಗಾಯಕ್ಕೆ ಉಪ್ಪು ತಾಗಿರಬೇಕು ಅಂದುಕೊಂಡೆ. ಉಪ್ಪುನೀರಿನಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ ಎಂದು ಅದೇ ವಾರ ಹತ್ತನೇ ಕ್ಲಾಸಿನಲ್ಲಿ ಬಲ್ಬು ಹೊತ್ತಿಸಿ ತೋರಿಸಿದ್ದೆ.

ನಾಲ್ಕು ದಿನದ ನಂತರ, ಒಂದು ಭಾನುವಾರ. ನನ್ನ ಗಂಡ ಡ್ಯೂಟಿಗೆಂದು ಸೇಡಂಗೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಪಡಸಾಲೆಯಿಂದ ಒಂದು ಸದ್ದು ಬಂತು. ಕೂಗಲ್ಲ, ಗಂಟಲೊಳಗೇ ಸಿಕ್ಕಿಕೊಂಡ "ಅಅ..." ಅನ್ನುವ ಸದ್ದು. ಓಡಿ ಬಂದೆ. ಅತ್ತೆ ಬರಿಗಾಲಲ್ಲಿ ಒದ್ದೆ ಹಾಸುಗಲ್ಲಿನ ಮೇಲೆ ನಿಂತಿದ್ದರು. ಬಲಗೈ ಸ್ಟ್ಯಾಂಡಿನ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಇಡೀ ಮೈ ಸಣ್ಣಗೆ ನಡುಗುತ್ತಿತ್ತು, ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ಏನಾಗಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ನಾನು ಮುಂದೆ ಹೋಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದೆ. ಗೋಡೆ ಬೆನ್ನಿಗೆ ತಾಗಿತು. ಮೇನ್ ಸ್ವಿಚ್ಚು ಎಲ್ಲಿದೆ ಎಂಬುದು ತಲೆಯಿಂದ ಹಾರಿಹೋಗಿತ್ತು. ಸತ್ತುಹೋಗುತ್ತಾರೆ, ನನ್ನ ಕಣ್ಣೆದುರಿಗೇ ಸತ್ತುಹೋಗುತ್ತಾರೆ, ಇಷ್ಟೇ ತಿರುಗುತ್ತಿತ್ತು. ಚೀರಿದ್ದು ಮಾತ್ರ ನಿಜ.

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಬೀಬಿ ಆ ಚೀರಾಟ ಕೇಳಿ ಬಂದರು. ಕೈಯಲ್ಲಿ ಬಟ್ಟೆ ಅಳೆಯುವ ಕಟ್ಟಿಗೆಯ ಗಜಕಡ್ಡಿ, ಕಾಲಲ್ಲಿ ರಬ್ಬರ್ ಚಪ್ಪಲಿ.

"ಮುಟ್ಟಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!" ಎನ್ನುತ್ತಲೇ ಅತ್ತೆಯ ಮಣಿಕಟ್ಟಿಗೆ ಗಜಕಡ್ಡಿಯಿಂದ ಹೊಡೆದರು. ಒಂದೇಟಿಗೆ ಬಿಡಲಿಲ್ಲ. ಎರಡನೆಯದಕ್ಕೆ ಕೈ ಬಿಟ್ಟಿತು, ಅತ್ತೆ ಕುಸಿದರು. "ಮೇನ್ ಎಲ್ಲದ? ಹೇಳ್ರಿ ಜಲ್ದಿ!" ಆಗ ನೆನಪಾಗಿ ನಾನು ಬಾಗಿಲ ಮೇಲ್ಗಡೆ ಬೆರಳು ತೋರಿಸಿದೆ, ಅವರು ಅದೇ ಗಜಕಡ್ಡಿಯಿಂದ ಸ್ವಿಚ್ಚು ಕೆಳಗಿಳಿಸಿದರು.

ಕಲಬುರಗಿಯ ಆಸ್ಪತ್ರೆಯಲ್ಲಿ ಎರಡು ದಿನ ಅತ್ತೆಯ ಎದೆಗೆ ವೈರು ಅಂಟಿಸಿ ನೋಡಿದರು. ಹೃದಯಕ್ಕೇನೂ ಆಗಿಲ್ಲ ಎಂದರು. ಅಂಗೈ ಸುಟ್ಟಿತ್ತು, ಎರಡು ಬೆರಳು ಜೋಮು ಹಿಡಿದಿದ್ದವು. ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿದಾಗ ಒಳಗೆಲ್ಲ ಉಪ್ಪು. ಪಂಪಿನ ವೈರಿನ ಗುಂಟ ಹನಿಹನಿಯಾಗಿ ಇಳಿದು ಹಿಟ್ಟಿನಂತೆ ಕೂತು ಕರೆಂಟನ್ನು ಸ್ಟ್ಯಾಂಡಿಗೆ ಹಾಯಿಸಿತ್ತು. ಮನೆಗೆ ಅರ್ಥಿಂಗೂ ಇರಲಿಲ್ಲ.

ನೋಡಲು ಬಂದವರಿಗೆ ಅತ್ತೆ ಹೇಳುತ್ತಿದ್ದರು, "ಸೊಸಿ ಮನ್ಯಾಗ ಇದ್ದಳು, ಅದಕ್ಕ ಉಳದೀನಿ." ಬೀಬಿ ಅಲ್ಲೇ ಕೂತಿರುತ್ತಿದ್ದರು. ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ. ಒಂದು ವಾರ ಹಾಗೆ ಕಳೆಯಿತು. ಎಂಟನೇ ದಿನ ತಡೆಯಲಾಗದೆ ಅತ್ತೆಗೆ ಹೇಳಿದೆ.

"ನಾ ನಿಮ್ಮನ್ನ ಬಿಡಿಸಲಿಲ್ಲರಿ. ಹಿಂದಕ್ಕ ಸರದೆ."

ಅವರು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ನೋಡೀನಿ," ಎಂದರು. "ನೀ ಬಂದು ಹಿಡಿದಿದ್ದಿ ಅಂದ್ರ ಇಬ್ಬರೂ ಹೋಗ್ತಿದ್ದೆವು. ನನಗೂ ಭಾಳ ಅಂಜಿಕಿ ಆಗಿತ್ತು, ಎಲ್ಲಿ ಹಿಡೀತಿ ಅಂತ."

ಅದು ಸರಿಯಾದ ಮಾತೇ. ಮುಟ್ಟಬಾರದು ಎಂದು ಪುಸ್ತಕದಲ್ಲೂ ಇದೆ. ಆದರೆ ನಾನು ಪುಸ್ತಕ ನೆನೆದು ಸರಿಯಲಿಲ್ಲ, ಜೀವದ ಭಯಕ್ಕೆ ಸರಿದೆ. ಅದು ನನಗೆ ಗೊತ್ತು.

ಈಗ ಗಾಜಿನ ತೊಟ್ಟಿಯಿಲ್ಲ. ಹಿತ್ತಲಿನಲ್ಲಿ ದನಕ್ಕೆ ನೀರಿಡುವ ಕಲ್ಲಿನ ದೋಣಿಗೆ ಗಿಡಗಳನ್ನು ಸಾಗಿಸಿದ್ದೇನೆ. ಪಂಪಿಲ್ಲ, ವಾರಕ್ಕೊಮ್ಮೆ ಕೊಡದಲ್ಲಿ ನೀರು ತೆಗೆದು ಹೊಸದು ಹಾಕುತ್ತೇನೆ. ಒಂದು ಕಾಂಡ್ಲಾ ಬಿಸಿಲಿಗೆ ಹೋಯಿತು. ಉಳಿದವು ಕೆಸರಿಗೆ ಊರುವ ಕಾಲುಬೇರು ಚಾಚಿವೆ. ಅತ್ತೆ ಸಂಜೆ ಎಡಗೈಯಿಂದ ಎಲೆ ಒರೆಸಲು ಕೂರುತ್ತಾರೆ. ಅಲ್ಲಿ ವೈರಿಲ್ಲ, ಬೋರ್ಡಿಲ್ಲ. ಆದರೂ ಅವರು ನೀರಿಗೆ ಬೆರಳಿಡುವ ಮೊದಲು ದಿನಾ ಹೋಗಿ ನೋಡಿಕೊಂಡು ಬರುತ್ತೇನೆ.