ಬೊಂಬೆಯ ಮುಂಭಾಗ ಅಣ್ಣನಿಗೆ, ಹಿಂಭಾಗ ತಮ್ಮನಿಗೆ

ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ನಡುವಿನಕ್ಕ ಎನ್ನುತ್ತಿದ್ದರು. ಮೇಲೊಬ್ಬ ಅಣ್ಣ, ಕೆಳಗೊಬ್ಬ ತಮ್ಮ, ನಡುವೆ ಇವಳು. ನಾನೊಬ್ಬ ಮಾತ್ರ ಹಾಗೆ ಕರೆಯುತ್ತಿರಲಿಲ್ಲ. ಮದುವೆಯಾಗಬೇಕು ಅಂದುಕೊಂಡಿರುವ ಹೆಂಗಸನ್ನು ಅಕ್ಕ ಅನ್ನುವುದು ಹೇಗೆ? ಹೆಸರು ಹಿಡಿದು ಕರೆಯುವ ಧೈರ್ಯವೂ ಇಲ್ಲ. ಹಾಗಾಗಿ "ಇಲ್ನೋಡಿ", "ಒಂದ್ನಿಮಿಷ", "ಕೇಳಿಸ್ತಾ" ಅಂತಲೇ ವರ್ಷಗಟ್ಟಲೆ ತಳ್ಳಿದೆ. ಒಂದು ದಿನ ಅವಳೇ, "ಟೈಲರ್ ಸಾಹೇಬ್ರೇ, ನನ್ನ ಕಿವಿ ಚೆನ್ನಾಗೇ ಇದೆ" ಅಂದಳು.

ಅವರದು ಸಕ್ಕರೆ ಬೊಂಬೆಯ ಮನೆ. ಪ್ರವಾದಿಯವರು ಹುಟ್ಟಿದ ತಿಂಗಳು ಬಂತೆಂದರೆ ಬೀದಿಯ ಎರಡೂ ಬದಿಗೆ ಬಟ್ಟೆಯ ಚಪ್ಪರ ಏಳುತ್ತದೆ. ಎಳ್ಳಿನದು, ಕಡಲೆಯದು, ಬಾದಾಮಿಯದು ಅಂತ ಚಿಕ್ಕಿಗಳ ಗುಡ್ಡೆ ಬೀಳುತ್ತದೆ. ಅದರ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಹಾಕಿ ಬೊಂಬೆಗಳನ್ನು ನಿಲ್ಲಿಸುತ್ತಾರೆ. ಮೊಣಕೈ ಉದ್ದದ ಸಕ್ಕರೆ ಹೆಂಗಸು, ಸೊಂಟದ ಮೇಲೆ ಕೈ, ಕೆಂಪು ತುಟಿ, ಬಣ್ಣದ ಕಾಗದದ ಲಂಗ, ಬೆನ್ನ ಹಿಂದೆ ಬಿಚ್ಚಿದ ಬೀಸಣಿಗೆ. ಆ ಲಂಗ ನನ್ನದು. ವರ್ಷವೆಲ್ಲ ಜನರ ಪ್ಯಾಂಟು ಹೊಲಿಯುವ ನಾನು ಆ ತಿಂಗಳು ಬೊಂಬೆಗಳಿಗೆ ಲಂಗ ಅಂಟಿಸುತ್ತೇನೆ. ಗಿರಾಕಿಗಳ ಪೈಕಿ ಬೊಂಬೆಗಳೇ ವಾಸಿ. ತಿಂದು ದಪ್ಪವಾಗಿ ಬಂದು ನಿನ್ನ ಅಳತೆಯೇ ತಪ್ಪು ಅನ್ನುವುದಿಲ್ಲ.

ಅವರ ಅಪ್ಪ ನ್ಯಾಯವಂತ ಮನುಷ್ಯ. ತೊಂದರೆಯಾದದ್ದು ಅದರಿಂದಲೇ. ಸಾಯುವ ಮುಂಚೆ ಗಂಡುಮಕ್ಕಳಿಗೆ ಎಲ್ಲವನ್ನೂ ಸರಿಯಾಗಿ ಎರಡು ಪಾಲು ಮಾಡಿದ. ಮನೆಯ ಮುಂದಿನ ಕೋಣೆ ಹಿರಿಯನಿಗೆ, ಹಿಂದಿನದು ಕಿರಿಯನಿಗೆ. ಕಡಾಯಿ ಎರಡಿದ್ದವು, ತಲೆಗೊಂದು. ಬೊಂಬೆಯ ಅಚ್ಚು ಮಾತ್ರ ಒಂದೇ. ಹಳೇ ಮರದ್ದು, ಅಂಥದ್ದನ್ನು ಕೆತ್ತುವವರು ಈಗ ಯಾರೂ ಇಲ್ಲ. ಅದರಲ್ಲಿ ಎರಡು ಹೋಳು. ಒಂದರಲ್ಲಿ ಮುಖ, ಎದೆ, ಸೊಂಟದ ಕೈ. ಇನ್ನೊಂದರಲ್ಲಿ ಜಡೆ, ಬೆನ್ನು. ಮುದುಕ ಮುಂಭಾಗವನ್ನು ಹಿರಿಯನ ಕೈಗೂ ಹಿಂಭಾಗವನ್ನು ಕಿರಿಯನ ಕೈಗೂ ಕೊಟ್ಟು ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಮಗಳ ಪಾಲಿಗೆ ಇವರಿಬ್ಬರು ಬಂದರು. ಅದು ಆಗ ಯಾರಿಗೂ ಗೊತ್ತಾಗಲಿಲ್ಲ.

ಹಿರಿಯ ಮದುವೆ ಬೇಡವೆಂದ. ಕಿರಿಯನನ್ನು ಹೆಂಡತಿ ಬೇಡವೆಂದಳು. ಗಂಡ ಸತ್ತು ನಡುವಿನಕ್ಕ ತವರಿಗೆ ವಾಪಸು ಬಂದ ವರ್ಷವೇ ಅಣ್ಣತಮ್ಮಂದಿರು ಕಿತ್ತಾಡಿದರು. ಬೊಂಬೆ ಮಾರಿಹೋಗುವುದೇ ಮುಖ ನೋಡಿ, ಆದ್ದರಿಂದ ನನ್ನ ಹೋಳೇ ಹೆಚ್ಚು ಎಂದ ಅಣ್ಣ. ಬೆನ್ನೇ ಇಲ್ಲದಿದ್ದರೆ ನಿನ್ನ ಮುಖ ಯಾವನು ಕೊಳ್ಳುತ್ತಾನೆ ಎಂದ ತಮ್ಮ. ಅಲ್ಲಿಗೆ ಮಾತು ಬಂದ್ ಆಯಿತು.

ಮಾತು ಬಂದ್ ಆದರೂ ಹಬ್ಬ ಬರುವುದು ಬಿಡುವುದಿಲ್ಲವಲ್ಲ. ಒಂದೇ ಹೋಳಿನಲ್ಲಿ ಪಾಕ ಹೊಯ್ದರೆ ನೆಲಕ್ಕೆ ಹೊಯ್ದ ಹಾಗೆ. ಎರಡನ್ನೂ ನೀರಲ್ಲಿ ನೆನೆಸಿ, ಜೋಡಿಸಿ, ಹಗ್ಗದಲ್ಲಿ ಬಿಗಿದು, ತಲೆಕೆಳಗಾಗಿ ನಿಲ್ಲಿಸಿ ಕುದಿಯುವ ಪಾಕ ಹೊಯ್ಯಬೇಕು. ಅಂಚು ಗಟ್ಟಿಯಾಗುತ್ತಿದ್ದಂತೆ ಒಳಗಿನ ಪಾಕವನ್ನು ವಾಪಸು ಕಡಾಯಿಗೆ ಸುರಿದುಬಿಡಬೇಕು. ಆಗ ಬೊಂಬೆ ಒಳಗೆ ಟೊಳ್ಳಾಗಿ, ತೆಳ್ಳಗೆ, ಬೆಳಕಿಗೆ ಹಿಡಿದರೆ ಹೊಳೆಯುವ ಹಾಗೆ ಬರುತ್ತದೆ. ಬೇಗ ಸುರಿದರೆ ಒಡೆಯುತ್ತದೆ. ತಡವಾದರೆ ಒಳಗೂ ಗಟ್ಟಿಯಾಗಿ ರುಬ್ಬುಗುಂಡಾಗುತ್ತದೆ. ಆ ಗಳಿಗೆ ಗೊತ್ತಿದ್ದದ್ದು ಅಣ್ಣನಿಗೆ. ಅಚ್ಚು ಹಿಡಿದು ಬಗ್ಗಿಸುವ ಗಟ್ಟಿ ಕೈ ತಮ್ಮನದು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನಡುವೆ ಮುಕ್ಕಾಲಿ ಮೇಲೆ ಇವಳು.

"ಆ ಕೋಣನಿಗೆ ಹೇಳು, ಹಗ್ಗ ಬಿಗಿಯೋಕೆ."

"ಹಗ್ಗ ಸ್ವಲ್ಪ ಬಿಗಿ ಮಾಡ್ಬೇಕಂತೆ ಕಣೋ."

"ಬಿಗಿದು ಆಗ್ಲೇ ಆಯ್ತು, ಕಣ್ಣು ಕಾಣಲ್ವಾ ಅಂತ ಕೇಳು ಆ ದೊಡ್ಡ ಮನುಷ್ಯನ್ನ."

"ಬಿಗಿದಿದ್ದಾನಂತೆ ಅಣ್ಣಾ."

ಇಬ್ಬರಿಗೂ ಇಬ್ಬರ ಮಾತೂ ಮೊದಲೇ ಕೇಳಿಸಿರುತ್ತಿತ್ತು. ಆದರೂ ಅವಳು ಹೇಳುವ ತನಕ ಯಾರ ಕೈಯೂ ಆಡುತ್ತಿರಲಿಲ್ಲ. ಊಟವೂ ಬೇರೆ ಬೇರೆ. ಮುಂದಿನ ಕೋಣೆಯಲ್ಲಿ ಒಬ್ಬನಿಗೆ ಬಡಿಸಿ, ಹಿಂದಿನ ಕೋಣೆಯಲ್ಲಿ ಇನ್ನೊಬ್ಬನಿಗೆ ಬಡಿಸಿ, ತಾನು ಒಲೆಯ ಹತ್ತಿರ ನಿಂತೇ ತಿಂದು ಮುಗಿಸುತ್ತಿದ್ದಳು. ಹೀಗೆ ಹತ್ತು ಹನ್ನೆರಡು ವರ್ಷ.

ನಾನು ಹೆಂಡತಿ ತೀರಿಹೋದ ಮೇಲೆ ಒಂಟಿಯಾಗಿದ್ದವನು. ಲಂಗದ ಅಳತೆಗೆಂದು ಅವರ ಮನೆಗೆ ಹೋಗುತ್ತಿದ್ದೆ. ಅಚ್ಚು ಅದೇ, ಬೊಂಬೆಯ ಸೊಂಟ ನನ್ನ ಅಜ್ಜನ ಕಾಲದಿಂದ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೂ ಟೇಪು ಹಿಡಿದುಕೊಂಡು ವಾರಕ್ಕೆರಡು ಸಲ ಹೋಗುತ್ತಿದ್ದೆ. ಆ ವರ್ಷ ಹಬ್ಬಕ್ಕೆ ಇನ್ನೂ ಮೂರು ವಾರ ಇರುವಾಗ ಅವಳು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು, "ಈ ಬೊಂಬೆ ಸೊಂಟ ಸಾಕು. ಅಣ್ಣನ್ನ, ತಮ್ಮನ್ನ ಕೇಳಿ" ಅಂದಳು.

ಅಣ್ಣನನ್ನು ಕೇಳಿದೆ. "ತಮ್ಮ ಒಪ್ಪಿದ್ರೆ ನಂದೇನೂ ಇಲ್ಲ" ಎಂದ. ತಮ್ಮನನ್ನು ಕೇಳಿದೆ. "ದೊಡ್ಡವನು ಕಲ್ಲುಗುಂಡಿನ ಹಾಗೆ ಕೂತಿರುವಾಗ ನಾನ್ಯಾರು? ಅವನು ಮೊದಲು ಬಾಯಿ ಬಿಡ್ಲಿ" ಎಂದ. ಮತ್ತೆ ಅಣ್ಣನ ಹತ್ತಿರ ಹೋದೆ. ಚಪ್ಪಲಿ ಸವೆದದ್ದೊಂದೇ ಲಾಭ. ಕೊನೆಗೆ ಇಬ್ಬರೂ ಒಂದೇ ಮಾತು ಹೇಳಿದರು: ಅವನು ಅವಳ ಕೈಲಿ ಹೇಳಿಕಳಿಸಲಿ.

ಅದು ಕೇಳಿ ಅವಳಿಗೆ ನಖಶಿಖಾಂತ ಉರಿಯಿತು. "ನನ್ನ ಮದುವೆ ಮಾತನ್ನ ನಾನೇ ಹೊತ್ಕೊಂಡು ತಿರುಗ್ಬೇಕಾ? ನೀವಿಬ್ರೂ ಮುಖ ನೋಡಿ ಮಾತಾಡೋ ತನಕ ನಾನು ಬಾಯಿ ಬಿಡಲ್ಲ" ಎಂದು ಅಣ್ಣತಮ್ಮಂದಿರಿಗೆ ಹೇಳಿದವಳೇ ಮುಕ್ಕಾಲಿಯ ಮೇಲೆ ಕೂತು, ಕಾಗದದ ಹೂವು ಕತ್ತರಿಸತೊಡಗಿದಳು. ಅದು ನನ್ನ ಕತ್ತರಿ. ಕೊಡಿ ಎನ್ನಲು ಹೆದರಿಕೆಯಾಯಿತು.

ಮೊದಲ ಬೊಂಬೆಗೆ ಪಾಕ ಹೊಯ್ದರು. ಅಣ್ಣ, "ಸುರಿ ಅಂತ ಹೇಳು" ಎಂದ. ಕತ್ತರಿಯ ಸದ್ದು ಮಾತ್ರ ಕೇಳಿಸಿತು. ಅಚ್ಚು ಹಿಡಿದು ತಮ್ಮ ಕಾದ. ಕಾಯುತ್ತಲೇ ಇದ್ದ. ಬಿಚ್ಚಿ ನೋಡಿದರೆ ಬೊಂಬೆ ಒಳಗೂ ಹೊರಗೂ ಒಂದೇ ಗಟ್ಟಿ. ಎತ್ತಲು ಎರಡು ಕೈ ಬೇಕು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅವನ್ನು ಮಗುವಿನ ಕೈಗೆ ಕೊಟ್ಟರೆ ಮನೆಯಲ್ಲಿ ಯಾರ ಕಾಲ್ಬೆರಳೂ ಉಳಿಯುತ್ತಿರಲಿಲ್ಲ. ಮದುವೆಯೂ ಇಲ್ಲ, ಈ ಸಲ ಹಬ್ಬಕ್ಕೆ ಬೊಂಬೆಯೂ ಇಲ್ಲ, ಎರಡಕ್ಕೂ ಕಾರಣ ನಾನು ಎಂದು ಬೀದಿಯಲ್ಲಿ ಹೇಗೆ ತಲೆಯೆತ್ತಿ ತಿರುಗುವುದು?

ನಾಲ್ಕನೆಯದಕ್ಕೆ ಪಾಕ ಹೊಯ್ದು ಅಣ್ಣ ತಂಗಿಯ ಮುಖ ನೋಡಿದ. ಗಳಿಗೆ ಜಾರುತ್ತಿತ್ತು. ತಟ್ಟನೆ ತಿರುಗಿ, "ಸುರಿಯೋ!" ಎಂದು ಕಿರುಚಿದ.

ತಮ್ಮ ಸುರಿದ.

"ಸುರಿದೆ. ಅದಕ್ಯಾಕೆ ಕಿರುಚ್ತೀಯಾ?" ಎಂದ.

"ಹಗ್ಗ ನೋಡು, ಒಂದು ಕಡೆ ಸಡಿಲ ಆಗಿದೆ."

"ನಿನ್ನೆನೇ ಹೇಳಿದ್ನಲ್ಲಣ್ಣಾ, ಹಗ್ಗ ಸವೆದಿದೆ, ಹೊಸದು ತರೋಣ ಅಂತ."

ಕತ್ತರಿ ನಿಂತಿತು.

"ನಿನ್ನೆ?" ಎಂದಳು ನಡುವಿನಕ್ಕ. "ನಿನ್ನೆ ನೀವಿಬ್ರೂ ಎಲ್ಲಿ ಮಾತಾಡಿದ್ದು?"

ತಮ್ಮ ಅಣ್ಣನನ್ನು ನೋಡಿದ. ಅಣ್ಣ ಕಡಾಯಿಯನ್ನು ನೋಡಿದ. ನಾನು ಬಾಗಿಲು ನೋಡಿದೆ, ಆದರೆ ಹೋಗಲಿಲ್ಲ.

"ಟೀ ಅಂಗಡೀಲಿ" ಎಂದ ತಮ್ಮ. "ಬಸ್ ನಿಲ್ದಾಣದ ಹಿಂದಿನದು."

"ಎಷ್ಟು ದಿನದಿಂದ?"

"ದಿನಾಲೂ."

"ಹಾಗಾದ್ರೆ ಜಗಳ?"

"ಒಂದು ವಾರ ನಿಜವಾಗ್ಲೂ ಇತ್ತು" ಎಂದ ಅಣ್ಣ. ಆಮೇಲೆ ಸೌಟು ಕೆಳಗಿಟ್ಟು ಮುಂದುವರಿಸಿದ. "ಗಂಡನ್ನ ಕಳ್ಕೊಂಡು ಬಂದು ನೀನು ಆಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ, ತಂಗೀ. ಊಟ ಇಲ್ಲ, ಮಾತಿಲ್ಲ. ಡಾಕ್ಟ್ರು ಕೈ ಚೆಲ್ಲಿದ್ರು. ನಾವು ಕಿತ್ತಾಡಿದ ದಿನ ನೀನಾಗೇ ಎದ್ದು ಬಂದು ಇಬ್ರಿಗೂ ಬೈದೆ. ಅವತ್ತು ಹೊಟ್ಟೆ ತುಂಬ ಉಂಡೆ. ಮಾರನೇ ದಿನವೂ ಎದ್ದೆ. ರಾಜಿ ಆದ್ರೆ ಮತ್ತೆ ಎಲ್ಲಿ ಮಲಗಿಬಿಡ್ತೀಯೋ ಅಂತ ಒಂದೊಂದೇ ದಿನ ಮುಂದಕ್ಕೆ ಹಾಕಿದ್ವಿ."

"ಆಮೇಲೆ ಹೇಳೋಕೆ ಹೆದರಿಕೆ ಆಯ್ತು" ಎಂದ ತಮ್ಮ.

ಅವಳ ಬಾಯಿಂದ ಇನ್ನೇನು ಬೈಗುಳ ಬೀಳುತ್ತದೆ ಎಂದು ಮೂವರೂ ಕಾದೆವು. "ಎರಡೆರಡು ಸಲ ಬಡಿಸಿ ಬಡಿಸಿ ನನ್ನ ಸೊಂಟ ಬಿದ್ದೋಯ್ತಲ್ಲೋ, ಪಾಪಿಗಳಾ" ಎಂದಳು. "ಸರಿ. ಮತ್ತೆ ಈ ಮದುವೆಗೆ ಯಾಕೆ ಬಾಯಿ ಬಿಡ್ಲಿಲ್ಲ? ಈಗ ನಾನೇನು ಮಲಗಿದ್ದೀನಾ?"

ಗಡ್ಡ ಅರ್ಧ ಬೆಳ್ಳಗಾಗಿರುವ ತಮ್ಮ ಖಾಲಿ ಅಚ್ಚನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು, "ನೀನು ಹೋಗ್ಬಿಡ್ತೀಯಲ್ಲಕ್ಕಾ" ಎಂದ.

ಅವಳು ಆಗ ಅತ್ತಳು. ಕಾಗದದ ಹೂವಿನಿಂದಲೇ ಕಣ್ಣು ಒರೆಸಿಕೊಂಡಳು. ಕೆನ್ನೆಗೆಲ್ಲ ಗುಲಾಬಿ ಬಣ್ಣ ಹತ್ತಿತು. ಸುಳ್ಳು ಯಾಕೆ ಹೇಳಲಿ, ಅದೇ ಬೀದಿಯ ತುದಿಯಲ್ಲಿರುವ ನನ್ನ ಮನೆ ಆಗ ನನಗೇ ಬೇರೆ ದೇಶದಷ್ಟು ದೂರವಾಗಿ ಕಂಡಿತು. ಅವಳು ಅಣ್ಣನನ್ನು ಕೇಳಿದಳು: "ಒಪ್ಪಿಗೇನಾ?" ಅವನು ಹೂಂ ಎಂದ. ತಮ್ಮ ತಲೆಯಾಡಿಸಿದ. "ಬಾಯಲ್ಲಿ ಹೇಳು" ಎಂದು ಗದರಿದಳು. "ಹೂಂ ಅಕ್ಕಾ" ಎಂದ.

ಹಬ್ಬದ ದಿನ ನನ್ನನ್ನು ಊಟಕ್ಕೆ ಕರೆದರು. ಮುಂದಿನ ಕೋಣೆಯಲ್ಲಿ ಒಂದೇ ಚಾಪೆ ಹಾಸಿತ್ತು. ಅಣ್ಣತಮ್ಮಂದಿರು ಎದುರು ಬದುರು ಕೂತಿದ್ದರು. ಅವಳು ಒಂದೇ ಸಲ ಬಡಿಸಿ, ಇನ್ನೇನು ಮಾಡಬೇಕೆಂದು ತೋಚದೆ ಒಂದು ಗಳಿಗೆ ನಿಂತಳು. ಆಮೇಲೆ ಅವರಿಬ್ಬರ ನಡುವೆ ಕೂತು ತಾನೂ ತಟ್ಟೆ ಹಾಕಿಕೊಂಡಳು. ಹೊರಗೆ ಬೀದಿಯಲ್ಲಿ ಮಕ್ಕಳು ಬೊಂಬೆಗಳನ್ನು ಎತ್ತಿಕೊಂಡು ಗಲಾಟೆ ಮಾಡುತ್ತಿದ್ದರು.

"ಅಣ್ಣಾ, ಉಪ್ಪು ಕೊಡು" ಎಂದ ತಮ್ಮ.

ಉಪ್ಪಿನ ಬಟ್ಟಲು ಅಣ್ಣನ ಮೊಣಕಾಲ ಹತ್ತಿರವೇ ಇತ್ತು. ಅವನು ಕೈ ಚಾಚಲಿಲ್ಲ. ತಂಗಿಯ ಮುಖ ನೋಡುತ್ತಾ ಕೂತ.

"ಉಪ್ಪು ಬೇಕಂತೆ ಅಣ್ಣಾ" ಎಂದಳು ಅವಳು.

ಆಗ ಅವನು ಬಟ್ಟಲೆತ್ತಿ ಅವಳ ಕೈಗೆ ಕೊಟ್ಟ. ಅವಳು ತಮ್ಮನಿಗೆ ಕೊಟ್ಟಳು. ನಮ್ಮ ಮದುವೆ ಮುಂದಿನ ಶುಕ್ರವಾರಕ್ಕೆ ಗೊತ್ತಾಗಿತ್ತು.