ಎಂಬತ್ತು ಪೌಂಡ್ ಗಾಳಿ

ಕುಂದಾಣದ ಸಂಜೀವಪ್ಪ ಸ್ಟೇರಿಂಗ್ ಹಿಡಿದು ಇಪ್ಪತ್ತಾರು ವರ್ಷವಾಯಿತು. ಮೊದಲು ಟೆಂಪೊ, ಆಮೇಲೆ ಲಾರಿ, ಈಗ ಸ್ವಂತದ್ದೊಂದು ಪಿಕಪ್. ಇಷ್ಟು ವರ್ಷದಲ್ಲಿ ಏನು ಕಲಿತೆಯಪ್ಪಾ ಎಂದು ಕೇಳಿದರೆ, ಗೇರು ಹಾಕುವುದು ಕಲಿತೆ, ಓದುವುದು ಕಲಿಯಲಿಲ್ಲ ಎನ್ನುತ್ತಾನೆ. ಎಸ್ಸೆಸ್ಸೆಲ್ಸಿ ಒಂದೇ ಏಟಿಗೆ ಪಾಸು ಮಾಡಿದವನು ಹೀಗೆ ಹೇಳಿಕೊಂಡು ತಿರುಗಲು ಕಾರಣ ನಾಲ್ಕು ಟೈರು.

ಊರಿನ ಆದಿನಾರಾಯಣಪ್ಪನವರ ತೋಟದ ದ್ರಾಕ್ಷಿಯನ್ನು ಬೆಂಗಳೂರಿನ ಮಾರುಕಟ್ಟೆಗೆ ಸಾಗಿಸುವುದು ಅವನ ಕೆಲಸ. ದ್ರಾಕ್ಷಿ ಹೊತ್ತ ಗಾಡಿಯನ್ನು ತುಂಬಿದ ಬಸುರಿಯನ್ನು ಕರೆದೊಯ್ಯುವ ಹಾಗೆ ಓಡಿಸಬೇಕು. ಒಂದು ಗುಂಡಿಗೆ ಎತ್ತಿಹಾಕಿದರೂ ಅಡಿಯ ಹಣ್ಣು ಬಾಯಿಬಿಡುತ್ತದೆ. ಏಳು ಸುಗ್ಗಿ ಸಂಜೀವಪ್ಪ ಒಂದು ಗೊಂಚಲಿಗೂ ನೋವು ಮಾಡದೆ ತಂದಿದ್ದ. ಅವನ ಮೀಸೆ ನಿಂತಿದ್ದೇ ಆ ಹೆಸರಿನ ಮೇಲೆ.

ತೋಟದ ದಾರಿಯ ಕಲ್ಲು ಗಾಡಿಯ ಹೊಟ್ಟೆಗೆ ತಾಗುತ್ತದೆ, ಅದಕ್ಕೇ ದೊಡ್ಡ ಟೈರು ಹಾಕಿಸಿದೆ ಎಂದು ಅವನು ಊರಿಗೆಲ್ಲ ಹೇಳಿದ. ಅದೂ ಸುಳ್ಳಲ್ಲ. ಆದರೆ ಒಂದು ದಿನ ದೇವನಹಳ್ಳಿ ಸಿಗ್ನಲ್ಲಿನಲ್ಲಿ ದಪ್ಪ ಟೈರಿನ ಗಾಡಿಯೊಂದು ಪಕ್ಕಕ್ಕೆ ಬಂದು ನಿಂತಾಗ, ತನ್ನ ಪಿಕಪ್ ಅದರ ಮುಂದೆ ಹಾಲು ಬಿಡಿಸಿದ ಆಡಿನ ಮರಿಯಂತೆ ಕಂಡಿತ್ತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹೊಸ ಟೈರು ಕೂತ ಮೇಲೆ ಗಾಳಿ ತುಂಬಿಸಲು ಕ್ರಾಸಿನ ಪಂಕ್ಚರ್ ಅಂಗಡಿಗೆ ಹೋದ. ಎಷ್ಟು ಪೌಂಡ್ ಹಾಕಲಿ ಎಂದು ಅಂಗಡಿಯ ರವಿಚಂದ್ರ ಕೇಳಿದ. ಹಳೆಯ ಟೈರಿದ್ದಾಗ ಲೋಡಿಗೆ ಹಿಂಬದಿಯ ಚಕ್ರಕ್ಕೆ ಅರವತ್ತು ಹಾಕುತ್ತಿದ್ದರು. ಸಂಜೀವಪ್ಪ ಲೆಕ್ಕ ಹಾಕಿದ: ಚಿಕ್ಕ ಕೊಡಕ್ಕಿಂತ ದೊಡ್ಡ ಕೊಡಕ್ಕೆ ನೀರು ಜಾಸ್ತಿ ಬೇಡವೆ? ಕನ್ನಡಕ ಏರಿಸಿಕೊಂಡು, ಮಂಡಿಯೂರಿ, ಟೈರಿನ ಕೆನ್ನೆಯ ಮೇಲಿದ್ದ ಇಂಗ್ಲಿಷಿನಲ್ಲಿ ಅಂಕಿಯನ್ನಷ್ಟೇ ಆರಿಸಿ ಓದಿದ.

“ಎಂಬತ್ತು ಹಾಕು.”

“ಅಣ್ಣ, ಅದು ಇದರ ಮೇಲಕ್ಕೆ ಹೋಗ್ಬೇಡ ಅನ್ನೋ ಗೆರೆ. ಅಷ್ಟೇ ಹಾಕು ಅಂತಲ್ಲ.”

“ಕಂಪ್ನಿಯೋರು ಸುಮ್ನೆ ಕೆತ್ತುಸ್ತಾರೇನಪ್ಪಾ? ಹಾಕು ಗುರು, ಹಾಕು.”

ರವಿಚಂದ್ರ ಹಾಕಿದ. ಸಂಜೀವಪ್ಪ ಹೆಬ್ಬೆರಳಲ್ಲಿ ಒತ್ತಿ ನೋಡಿದ, ಬಗ್ಗಲಿಲ್ಲ. ಒದ್ದು ನೋಡಿದ, ಕಾಲೇ ನೋಯಿತು. ಬಹಳ ತೃಪ್ತಿಯಾಯಿತು. ದೊಡ್ಡ ಟೈರಿಗೆ ಗಾಳಿಯೂ ಜಾಸ್ತಿ ಎಂದು ಮನೆಯಲ್ಲೂ ಹೇಳಿಕೊಂಡ.

ಅಂದಿನ ಲೋಡಿನಲ್ಲಿ ಗಾಡಿ ಒಂದೊಂದು ರಸ್ತೆಯುಬ್ಬಿಗೂ ಕುಪ್ಪಳಿಸಿತು. ಇಂಜಿನ್ನಿಗೆ ಹುರುಪು ಬಂದಿದೆ ಎಂದುಕೊಂಡ. ಮಾರುಕಟ್ಟೆಯಲ್ಲಿ ಬಾಗಿಲು ತೆಗೆದರೆ ಕ್ರೇಟುಗಳ ಅಡಿಯಿಂದ ನೇರಳೆ ಬಣ್ಣದ ರಸ ತೊಟ್ಟಿಕ್ಕುತ್ತಿತ್ತು. ಸುದ್ದಿ ಹೋಗಿ ಆದಿನಾರಾಯಣಪ್ಪನವರು ಏನಯ್ಯ ಇದು ಎಂದು ಕೇಳಿದಾಗ, ಅವನ ನಾಲಿಗೆ ಅವನಿಗಿಂತ ಮೊದಲೇ ಓಡಿಬಿಟ್ಟಿತು.

“ಹಣ್ಣು ಜೋಡ್ಸೋದ್ರಲ್ಲೇ ಏನೋ ಎಡವಟ್ಟಾಗಿದೆ ಸ್ವಾಮಿ.”

ಹೇಳಿ ಬಾಯಿ ಮುಚ್ಚಿದ ಮೇಲೆ ನೆನಪಾಯಿತು. ತೋಟದಲ್ಲಿ ಹಣ್ಣು ಜೋಡಿಸುವ ಐದು ಹೆಂಗಸರ ಮುಂದಾಳು ಅವನ ಹೆಂಡತಿ ಮುತ್ತಮ್ಮನೇ.

ಎರಡನೆಯ ಲೋಡೂ ಹಾಗೇ ಒಡೆಯಿತು. ನಾಳೆಯ ಲೋಡೇ ಕೊನೆ, ಆಮೇಲೆ ಹೊಸಕೋಟೆ ಕಡೆಯ ಆಳುಗಳನ್ನು ಕರೆಸುತ್ತೇನೆ ಎಂದು ಆದಿನಾರಾಯಣಪ್ಪನವರು ಮುತ್ತಮ್ಮನಿಗೆ ಹೇಳಿ ಕಳಿಸಿದರು. ಸುಗ್ಗಿಯ ನಡುವೆ ಐದು ಹೆಂಗಸರ ಕೆಲಸ ಹೋಗುವುದಿತ್ತು, ಅದೂ ಕೈಯಲ್ಲಿ ತಪ್ಪಿಲ್ಲದೆ.

ಆ ಸಂಜೆ ಮುತ್ತಮ್ಮ ಜಗಳವಾಡಲಿಲ್ಲ. ಸಂಜೀವಪ್ಪನಿಗೆ ಹೆದರಿಕೆಯಾದದ್ದು ಅದಕ್ಕೇ. ಸುಮ್ಮನೆ ತಟ್ಟೆಯಿಟ್ಟು ಮುದ್ದೆ ಹಾಕಿದಳು. ಮುದ್ದೆ ತಟ್ಟೆಗೆ ಬಿದ್ದು ಸದ್ದು ಮಾಡಿತು. ಬೆರಳಿಟ್ಟರೆ ಬೆರಳೇ ಹಿಂದಕ್ಕೆ ಬಂತು.

“ಇದೇನೇ, ಗುಂಡುಕಲ್ಲು ಹಾಕಿದ್ದೀಯ?”

“ಇವತ್ತು ದೊಡ್ಡ ತಪ್ಲೆಲಿ ಮಾಡ್ದೆ. ಪಾತ್ರೆ ದೊಡ್ದಾಯ್ತಲ್ಲ, ಅದ್ಕೆ ಹಿಟ್ಟೂ ಜಾಸ್ತಿ ಹಾಕಿ ಬಿಗಿದೆ. ನುಂಗು.”

ಅವನು ಮುದ್ದೆಯನ್ನೇ ನೋಡುತ್ತ ಕುಳಿತ. ಮದುವೆಮನೆಯ ಕೊಪ್ಪರಿಗೆಯಲ್ಲಿ ಮಾಡಿದರೂ ಮುದ್ದೆಯ ಹದ ಗಂಟಲಿಗೆ ಇಳಿಯುವಷ್ಟೇ ತಾನೆ ಇರಬೇಕು?

“ಮೊನ್ನೆ ನಿನ್ ಗಾಡೀಲಿ ತೋಟದಿಂದ ಮನೆಗಂಟ ಬಂದೆ,” ಎಂದಳು ಮುತ್ತಮ್ಮ. “ಹಣ್ಣು ಯಾಕೆ ಒಡೀತು ಅಂತ ನನ್ ಸೊಂಟ ಹೇಳ್ತು. ನಿಂಗೆ ಹೇಳೋದಕ್ಕೆ ಮುದ್ದೆ ಬೇಕಾಯ್ತು.”

ಬೆಳಿಗ್ಗೆ ಸಂಜೀವಪ್ಪ ಗೊಬ್ಬರದ ಮೂಟೆಗಳನ್ನು ದ್ರಾಕ್ಷಿ ಲೋಡಿನಷ್ಟೇ ತೂಕಕ್ಕೆ ಏರಿಸಿಕೊಂಡು ರವಿಚಂದ್ರನ ಅಂಗಡಿಗೆ ಹೋಗಿ ತಲೆ ಕೆರೆದುಕೊಂಡು ನಿಂತ. ರವಿಚಂದ್ರ ಒಂದೇ ಸಲ ನಕ್ಕು ಬಿಡಿಸಿ ಹೇಳಿದ. ಹೊರುವ ಭಾರ ಹಳೆಯದೇ. ಟೈರು ದೊಡ್ಡದಾದಾಗ ಒಳಗೆ ಹಿಡಿಯುವ ಗಾಳಿಯೇನೋ ಜಾಸ್ತಿ, ಆದರೆ ಅದೇ ಭಾರವನ್ನು ಹೊರಲು ಅಷ್ಟು ಬಿಗಿ ಬೇಡ. ಹಾಗಾದರೆ ಮೂವತ್ತಕ್ಕೆ ಇಳಿಸು ಎಂದ ಸಂಜೀವಪ್ಪ. ಮೇಲಕ್ಕೆ ಹಾರಿ ಬಿದ್ದವನಿಗೆ ಈಗ ಕೆಳಕ್ಕೂ ಹಾರುವ ಆಸೆ. ಮೂವತ್ತಾದರೆ ಟೈರು ಮಡಿಚಿ, ಕಾದು, ದಾರಿಯಲ್ಲೇ ಸಿಡಿಯುತ್ತದೆ ಎಂದು ಗದರಿಸಿದ ರವಿಚಂದ್ರ, ಟೈರು ಕಂಪನಿಯ ಪಟ್ಟಿಯನ್ನು ಫೋನಿನಲ್ಲಿ ತೆಗೆದು ನೋಡಿ, ಈ ತೂಕಕ್ಕೆ ಹಿಂಬದಿಯ ಟೈರುಗಳು ನಲವತ್ತೆಂಟಕ್ಕಿಂತ ಕೆಳಗೆ ಹೋಗಕೂಡದು ಎಂದ.

ಆಮೇಲೆ ಟೈರಿನ ಮೈಗೆ ಅಂಚಿನಿಂದ ಅಂಚಿಗೆ ಸುಣ್ಣದ ಪಟ್ಟೆ ಎಳೆದು, ಸಿಮೆಂಟು ರಸ್ತೆಯಲ್ಲಿ ನೇರ ಓಡಿಸಿಕೊಂಡು ಬಾ ಎಂದ. ಎಂಬತ್ತರಲ್ಲಿ ಓಡಿಸಿದಾಗ ನಡುವಿನ ನಾಲ್ಕು ಬೆರಳಗಲ ಮಾತ್ರ ನೆಲಕ್ಕೆ ತಾಗಿ ಅಳಿಸಿತ್ತು, ಎರಡು ಅಂಚೂ ಬೆಳ್ಳಗೆ ಹಾಗೇ ಇದ್ದವು. ಅಷ್ಟಗಲದ ಟೈರಿನಲ್ಲಿ ಕೆಲಸ ಮಾಡುತ್ತಿದ್ದದ್ದು ನಾಲ್ಕು ಬೆರಳು, ಉಳಿದದ್ದೆಲ್ಲ ತೋರಿಕೆ, ಥೇಟು ನನ್ನ ಹಾಗೆ ಎಂದುಕೊಂಡ ಸಂಜೀವಪ್ಪ. ಅರವತ್ತರಲ್ಲೂ ಅಂಚು ಉಳಿಯಿತು. ಹೀಗೆ ಗೊಬ್ಬರ ಹೊತ್ತು ಆ ಕಡೆಗೂ ಈ ಕಡೆಗೂ ಓಡಾಡುತ್ತಿದ್ದವನನ್ನು ಕಂಡು ಹಾಲಿನ ಡೈರಿಯ ಮುಂದೆ ನಿಂತವರು ಗಾಡಿಗೆ ಯಾರ ಕಣ್ಣು ಬಿತ್ತು ಎಂದು ಕೇಳಿದರು. ನನ್ನದೇ ಎಂದ. ಐವತ್ತೆರಡಕ್ಕೆ ಇಳಿಸಿದಾಗ ಪಟ್ಟೆ ಅಂಚಿನಿಂದ ಅಂಚಿಗೆ ಸಮನಾಗಿ ಮಾಸಿತು.

ಗಾಳಿ ಸರಿಹೋಯಿತು, ಉಳಿದದ್ದು ಬಾಯಿ. ಸುಮ್ಮನಿದ್ದು ಹಣ್ಣು ಚೆನ್ನಾಗಿ ತಲುಪಿಸಿಬಿಟ್ಟರೆ, ಗದರಿಸಿದ್ದಕ್ಕೆ ಹೆಂಗಸರು ನೆಟ್ಟಗಾದರು ಎಂದೇ ಆದಿನಾರಾಯಣಪ್ಪನವರು ತಿಳಿಯುತ್ತಿದ್ದರು. ಮೀಸೆಯೂ ಉಳಿಯುತ್ತಿತ್ತು. ತೋಟ ಮುಟ್ಟುವವರೆಗೂ ಸಂಜೀವಪ್ಪ ಆ ಉಪಾಯವನ್ನು ಚಪ್ಪರಿಸಿದ. ಶೆಡ್ಡಿನಲ್ಲಿ ಮುತ್ತಮ್ಮ ತಲೆಯೆತ್ತದೆ, ಗೊಂಚಲು ಗೊಂಚಲಿಗೂ ಕಾಗದ ಹಾಸಿ ಜೋಡಿಸುತ್ತಿದ್ದಳು. ನೋಡಲಾಗಲಿಲ್ಲ.

“ಸ್ವಾಮಿ, ಹಣ್ಣು ಜೋಡ್ಸಿದ್ದೋರ್ದು ಏನೂ ತಪ್ಪಿಲ್ಲ,” ಎಂದ, ಐದೂ ಜನಕ್ಕೆ ಕೇಳುವ ಹಾಗೆ. “ಟೈರಿಗೆ ಎಂಬತ್ತು ಪೌಂಡ್ ತುಂಬ್ಸಿದ್ದೆ. ಒಡ್ದಿದ್ದು ನನ್ ಗಾಳಿಗೆ.”

ಆದಿನಾರಾಯಣಪ್ಪನವರು ಗಾಡಿಯ ಬಳಿ ಹೋಗಿ ಟೈರನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ, ಹೆಂಗಸರು ಇಲ್ಲೇ ಇರುತ್ತಾರೆ, ನೀನು ಇರುತ್ತೀಯೋ ಇಲ್ಲವೋ ಎನ್ನುವುದನ್ನು ಮುತ್ತಮ್ಮ ಹೇಳಲಿ, ಇವತ್ತು ಅವಳೂ ಮಾರುಕಟ್ಟೆಗೆ ಬರಲಿ ಎಂದರು.

ಮುತ್ತಮ್ಮ ಮಾರುಕಟ್ಟೆಯಲ್ಲಿ ಇಳಿದು, ಎಲ್ಲಕ್ಕಿಂತ ಕೆಳಗಿನ ಕ್ರೇಟನ್ನೇ ಎಳೆಸಿ, ಕಾಗದ ಸರಿಸಿದಳು. ಹಣ್ಣಿನ ಮೇಲಿನ ಬಿಳಿ ಹುಡಿ ಸಹ ಅಳಿಸಿರಲಿಲ್ಲ. ಆದಿನಾರಾಯಣಪ್ಪನವರಿಗೆ ಫೋನು ಮಾಡಿದಳು. ಸಂಜೀವಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತ.

“ಹಣ್ಣು ಚೆನ್ನಾಗಿದೆ ಕಣ್ರೀ,” ಎಂದಳು. “ಡ್ರೈವರ್ ವಿಷ್ಯ ಮನೆಗೋಗಿ ಯೋಚ್ನೆ ಮಾಡಿ ಹೇಳ್ತೀನಿ.”