ಚಿಂಟೂನ ಕೆನ್ನೆ, ಸವಿತಕ್ಕನ ರಕ್ತ

ನೀವು ನಂಬುವುದಿಲ್ಲ. ಒಂದು ಪ್ಲೇಟ್ ಗಿರ್ಮಿಟ್ ಬೆಟ್! ಹೋದ ತಿಂಗಳು ಹಾವೇರಿಯ ಡಾಕ್ಟರೊಬ್ಬರಿಗೆ ರೋಗ ಹಿಡಿದುಕೊಟ್ಟವಳು ನಾನು. (ಓದುತ್ತಿರುವುದು ಪಿಯುಸಿ. ಅದೂ ಕಾಮರ್ಸ್.)

ರಾಣೆಬೆನ್ನೂರಿನಿಂದ ಕಾಕಾನ ಮಗ ಚಿಂಟೂ ಬ್ಯಾಡಗಿಯ ನಮ್ಮ ಮನೆಗೆ ಬಂದಿದ್ದ. ನಾಲ್ಕು ವರ್ಷದ ಪೋರ. ಸಣ್ಣ ಜ್ವರ, ಸೋರುವ ಮೂಗು. ತವರಿಗೆ ಬಂದಿದ್ದ ಐದು ತಿಂಗಳ ಬಸುರಿ ಸವಿತಕ್ಕನ ಮಡಿಲು ಬಿಟ್ಟು ಇಳಿಯಲೇ ಇಲ್ಲ. ಜ್ವರ ಬಿಟ್ಟ ಮೇಲೆ ಅವನ ಎರಡೂ ಕೆನ್ನೆ ಕೆಂಪಗಾದವು. ಎಂಥ ಕೆಂಪು? ಹಳಿ ಪಕ್ಕ ನಿಲ್ಲಿಸಿದ್ದರೆ ಹುಬ್ಬಳ್ಳಿ ರೈಲು ಬ್ರೇಕ್ ಹಾಕುತ್ತಿತ್ತು!

ಅಜ್ಜಿ ತೀರ್ಪು ಕೊಟ್ಟಳು. "ಮಾಳಗಿ ಮ್ಯಾಲ ಒಣಗಾಕ ಹಾಕಿದ್ದ ಮೆಣಸಿನಕಾಯಿ ಮುಟ್ಟಿ ಮಾರಿಗೆ ತಿಕ್ಕೊಂಡೈತಿ ಕೂಸು."

"ಮತ್ತ ಉರಿ ಅಂತ ಅಳವಲ್ಲದಲ್ಲ ಅಜ್ಜಿ?"

"ಬ್ಯಾಡಗಿ ಮೆಣಸಿನಕಾಯಿ ಅಲ್ಲೇನ ಹುಚ್ಚಿ ಅದು? ಬಣ್ಣಾ ಜಾಸ್ತಿ, ಖಾರ ಕಡಿಮಿ."

ಇಂಥ ಲಾಜಿಕ್ಕಿಗೆ ಎದುರಾಡುವುದುಂಟೆ? ಕೊಬ್ಬರಿ ಎಣ್ಣೆ ಹಚ್ಚಿದೆವು. ನಾನು ಫೋಟೋ ಹೊಡೆದೆ.

ಮುಂದೆ ಹಾವೇರಿಯಲ್ಲಿ ಅಕ್ಕನ ಚೆಕಪ್. ಬ್ಯಾಗ್ ಹಿಡಿಯಲು ನಾನು. ಸುಮ್ಮನಿರಲಾರದೆ ಡಾಕ್ಟರಿಗೆ ಮೊಬೈಲ್ ತೋರಿಸಿದೆ. "ನೋಡ್ರಿ ಮೇಡಂ, ನಮ್ಮೂರ ಮೆಣಸಿನಕಾಯಿ ಬ್ರ್ಯಾಂಡ್ ಅಂಬಾಸಿಡರ್!"

ಮೇಡಂ ನಗಲಿಲ್ಲ. ಅಕ್ಕನ ಕಡೆ ತಿರುಗಿದರು. "ಈ ಹುಡುಗ ನಿಮ್ಮ ಜೋಡಿ ಇದ್ದನೇನ್ರಿ?"

"ನನ್ನ ತೊಡಿ ಮ್ಯಾಲೇ ಮಲಗತಿದ್ದರಿ."

ಇದು ಪಾರ್ವೋ ವೈರಸ್ ಇರಬಹುದು ಅಂದರು. ಮಕ್ಕಳಿಗೆ ಕೆಂಪು ಕೆನ್ನೆ, ಅಷ್ಟೇ. ಬಸುರಿಗೆ ಹೊಸದಾಗಿ ತಗುಲಿದರೆ ಮಾತ್ರ ಹೊಟ್ಟೆಯ ಕೂಸಿಗೂ ದಾಟಬಹುದು. ಕೂಸಿನ ಮೈಯಲ್ಲಿ ರಕ್ತ ತಯಾರಾಗುವುದನ್ನೇ ತಡೆಯಬಹುದು. ರಕ್ತ ತೀರಾ ಇಳಿದರೆ ಪುಟ್ಟ ಹೃದಯ ಸೋತು ಮೈಯೆಲ್ಲ ನೀರು ತುಂಬುತ್ತದೆ.

"ಭಾಳ ಕೂಸುಗಳಿಗೆ ಏನೂ ಆಗಂಗಿಲ್ಲ," ಅಂದರು ಮೇಡಂ. "ಸಣ್ಣಾಕಿ ಇದ್ದಾಗ ನಿಮಗಿದು ಬಂದು ಹೋಗಿದ್ರ ಚಿಂತೀನ ಇಲ್ಲ. ರಕ್ತಾ ಟೆಸ್ಟ್ ಮಾಡಿಸೂಣು."

ಬಸ್ಸಿನಲ್ಲಿ ಅಕ್ಕ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ನಾನು ಬ್ಯಾಡಗಿ ತನಕ ಮೊಬೈಲ್ ಮುಟ್ಟಲಿಲ್ಲ. (ವಿಶ್ವದಾಖಲೆ.) ಅವ್ವನಿಗೆ ಹೇಳುವುದು ಬೇಡ ಅಂತ ಇಬ್ಬರೂ ನಿರ್ಧರಿಸಿದೆವು. ಅವ್ವ ಗಾಬರಿಯಾದರೆ ಇಡೀ ಓಣಿ ಗಾಬರಿಯಾಗುತ್ತದೆ.

ಮನೆಯಲ್ಲಿ ಅಕ್ಕ ಗೂಗಲ್ ಮಾಡಿದಳು. ಬಂದದ್ದೆಲ್ಲ ನಾಯಿಮರಿ! "ಲೇ, ಇದು ನಾಯಿ ರೋಗ ಏನ?"

"ಅದು ಬ್ಯಾರೆ ಪಾರ್ವೋ ಅಕ್ಕಾ. ನೀ ಬೊಗಳೂದು ನಿನ್ನ ಮೊದಲಿನ ಸ್ವಭಾವ."

ದಿಂಬು ನನ್ನ ಮೂಗಿಗೇ ಬಂತು. ಆದರೂ ನಕ್ಕಳು. ಆಮೇಲೆ ಅತ್ತಳು.

ರಿಪೋರ್ಟ್ ಬಂದ ದಿನ ಮೇಡಂ ಫೋನ್ ಮಾಡಿದರು. ಸೋಂಕು ಹಳೆಯದು, ಎಂದೋ ಬಂದು ಹೋಗಿದೆ, ಕೂಸಿಗೆ ಭಯವಿಲ್ಲ. ಅಕ್ಕ ಫೋನನ್ನೇ ಅಪ್ಪಿಕೊಂಡಳು. ನಾನು ಮಂಚ ಹತ್ತಿ ಭಾಷಣ ಶುರು ಮಾಡಿದೆ. "ಸವಿತಾಬಾಯಾರ, ಸಣ್ಣಾಕಿ ಇದ್ದಾಗ ನಿಮ್ಮ ಗಲ್ಲ ಯಾವಾಗ ಕೆಂಪಗ ಆಗಿದ್ವು? ಸಾಕ್ಷಿ ಯಾರು?"

ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ಅವ್ವ ಒಳಗೆ ಬಂದಳು.

"ಯಾಕ, ಎರಡನೇ ಕ್ಲಾಸಿನ್ಯಾಗ ಇದ್ದಾಗ ಆಗಿದ್ವಲ್ಲ! ಮಾಸ್ತರ ಬಡದಾರ ಅಂತ ನಾ ಸಾಲಿಗೆ ಹೋಗಿ ಜಗಳಾ ತಗದಿದ್ದೆ. ನಾ ಮುಟ್ಟೇ ಇಲ್ಲರೀ ತಾಯಿ ಅಂತ ಕೈ ಮುಗದ್ರು. ನಾ ಬಿಡ್ತೀನೇನ? ಇಡೀ ಸಾಲಿ ಮುಂದ ಮರ್ಯಾದಿ ತಗದು ಬಂದೆ!"

ನಾನು ಮಂಚ ಇಳಿದೆ. ಅಕ್ಕ ಅವ್ವನನ್ನೇ ನೋಡುತ್ತಿದ್ದಳು.

ಓದುಗರೇ, ಆ ಮಾಸ್ತರರ ಫೋನ್ ನಂಬರ್ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದೆಯೇ?